ನಾಸ್ತಿಕ ಹಾಕಿದ ಆಣೆ

"ಮೊಹರು ಒತ್ತಿದವನು ನೀನೇ ತಾನೆ, ಹಾಜಿ?" ಎಂದು ನಾನು ಮೂರನೆಯ ಸಲ ಕೇಳಿದೆ.

ಹಾಜಿ ಅಬ್ಬೂದ್ ಪತ್ರಿಕೆಯ ತುಣುಕನ್ನು ಮೂಗಿನ ಹತ್ತಿರ ಹಿಡಿದು ನೋಡಿದ, ಕೈ ಚಾಚಿ ದೂರ ಹಿಡಿದು ನೋಡಿದ. ಆಮೇಲೆ ಕಡಲೆ ಚೀಲದ ಮೇಲೆ ಇಟ್ಟು, ಅದು ತಾನಾಗಿಯೇ ಹಾರಿಹೋಗಲಿ ಎಂಬಂತೆ ಕಾದ. ಗಾಳಿ ಬೀಸಲಿಲ್ಲ.

ಅವನು ಕಾಳಿನ ವ್ಯಾಪಾರಿ, ಜೊತೆಗೆ ಮೊಹಲ್ಲಾದ ಮುಖ್ತಾರ. ಬಾಗ್ದಾದಿನ ಕಾಝಿಮಿಯಾದ ಆ ನಾಲ್ಕು ಗಲ್ಲಿಗಳಲ್ಲಿ ಹುಟ್ಟಿದವರೂ ಸತ್ತವರೂ ಅವನ ಮೊಹರು ಬೀಳುವ ತನಕ ಸರ್ಕಾರದ ಕಣ್ಣಿಗೆ ಹುಟ್ಟಿದವರೂ ಅಲ್ಲ, ಸತ್ತವರೂ ಅಲ್ಲ. ಅಂಥ ಮೊಹರನ್ನು ಅವನು ಜೇಬಿನಲ್ಲಿ ಬೀಗದ ಕೈಗಳ ಜೊತೆ ಇಟ್ಟುಕೊಂಡು ತಿರುಗುತ್ತಿದ್ದ.

ತುಣುಕಿನಲ್ಲಿದ್ದದ್ದು ಐದೇ ಸಾಲು. ರೈಲ್ವೆ ಕಾರ್ಖಾನೆಯ ಫಿಟ್ಟರ್ ಜವಾದ್, ಐದು ವರ್ಷದ ಶಿಕ್ಷೆಯಾಗಿ ಮರುಭೂಮಿಯ ಸೆರೆಮನೆಯಲ್ಲಿರುವವನು, ಕಮ್ಯುನಿಸ್ಟ್ ಪಕ್ಷಕ್ಕೂ ತನಗೂ ಇನ್ನು ಯಾವ ಸಂಬಂಧವೂ ಇಲ್ಲ, ಅರಸರಿಗೆ ತಾನು ನಿಷ್ಠ ಎಂದು ಸಾರಿದ್ದ. ಕೆಳಗೆ 'ಮೊಹಲ್ಲಾದ ಮುಖ್ತಾರರು ದೃಢೀಕರಿಸಿದ್ದಾರೆ' ಎಂದಿತ್ತು. ಇಂಥ ಪತ್ರಕ್ಕೆ ನಮ್ಮಲ್ಲಿ ಬರಾಅ ಅನ್ನುತ್ತಾರೆ. ಕೊಟ್ಟವನಿಗೆ ಸೆರೆಮನೆಯ ಬಾಗಿಲು ತೆರೆಯುತ್ತದೆ, ಉಳಿದೆಲ್ಲ ಬಾಗಿಲು ಮುಚ್ಚುತ್ತವೆ.

ಐದು ವರ್ಷದ ಹಿಂದೆ ಪಕ್ಷದ ಮುಖಂಡರನ್ನು ಬಾಗ್ದಾದಿನ ಚೌಕಗಳಲ್ಲಿ ಗಲ್ಲಿಗೆ ಹಾಕಿದಾಗ ನಾನೂ ನೋಡಿದವನೇ. ಅಂಥವರ ಹಿಂದೆ ನಡೆದವನು ಐದು ಸಾಲು ಬರೆದು ಮನೆಗೆ ಬಂದರೆ ಜೊತೆಗಾರರು ಅವನ ಮುಖಕ್ಕೆ ಉಗಿಯುವುದೂ ಇಲ್ಲ. ಅಷ್ಟು ಹತ್ತಿರವೇ ಹೋಗುವುದಿಲ್ಲ.

ನನ್ನ ಪಕ್ಕದಲ್ಲಿ ಜವಾದನ ತಂಗಿ ನಜೀಹಾ ನಿಂತಿದ್ದಳು. ಸಿಗರೇಟ್ ಕಾರ್ಖಾನೆಯ ಕೆಲಸದವಳು. ಕಪ್ಪು ಅಬಾಯದೊಳಗಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಎಂಟು ದಿನದ ಹಿಂದೆ ನನ್ನ ಮೇಜಿನ ಮುಂದೆ ಕುಳಿತು, "ಇದನ್ನ ನಮ್ಮಣ್ಣ ಬರೆದಿಲ್ಲ, ಯಾರು ಬರೆದ್ರು ಅಂತ ಪತ್ತೆ ಮಾಡ್ಕೊಡಿ" ಎಂದವಳು, ಅವತ್ತಿನಿಂದ ನನ್ನನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿದ್ದಳು.

ನಾನು ಶುಕ್ರಿ ಅಫಂದಿ, ಕೋರ್ಟಿನ ಗೋಡೆಯ ನೆರಳಿನಲ್ಲಿ ಕೂತು ಅರ್ಜಿ ಬರೆಯುವವನು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಪೋಲೀಸ್ ದಾಖಲೆ ಕೋಣೆಯಲ್ಲಿ ಗುಮಾಸ್ತನಾಗಿದ್ದೆ. ಮೇಲಧಿಕಾರಿಯ ವರದಿಯಲ್ಲಿದ್ದ ಸುಳ್ಳನ್ನು ತಿದ್ದಿದ್ದಕ್ಕೆ ಮನೆಗೆ ಕಳಿಸಿದರು. ಪಕ್ಷಗಿಕ್ಷ ನನಗೆ ಒಗ್ಗದು. ಬಡವರ ಕಷ್ಟದ ಬಗ್ಗೆ ಕಮ್ಯುನಿಸ್ಟರು ಮಾತಾಡುತ್ತಾರೆ, ನಾನು ಅದನ್ನು ಒಳ್ಳೆಯ ಅಕ್ಷರದಲ್ಲಿ ಬರೆದುಕೊಡುತ್ತೇನೆ.

"ಮರುಭೂಮಿಯಲ್ಲಿ ಬಿದ್ದಿರೋ ಮನುಷ್ಯ ನಿನ್ನ ಅಂಗಡಿಗೆ ಹೇಗೆ ಬಂದ, ಹಾಜಿ? ಒಂಟೆ ಮೇಲೆ ಬಂದ್ನಾ?"

ಹಾಜಿ ಬೆವರಿದ. ಚಳಿಗಾಲದ ಬೆಳಿಗ್ಗೆ ಬೆವರುವವನು ಸತ್ಯದ ಹತ್ತಿರ ಬಂದಿರುತ್ತಾನೆ.

ಕೊನೆಗೂ ಬಾಯಿ ಬಿಟ್ಟ. ಜವಾದನನ್ನು ಅವನು ನೋಡಿರಲಿಲ್ಲ. ಯಾರೋ ಒಬ್ಬ ಬರೆದು ಮುಗಿಸಿದ ಕಾಗದ ಹಿಡಿದುಕೊಂಡು ಬಂದಿದ್ದನಂತೆ. ಈ ಕಡೆಯ ಮುಖವಲ್ಲ. ಮೂವತ್ತರ ಮೇಲಿನ ವಯಸ್ಸು, ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಕೋಟು. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ನೇರಳೆ ಬಣ್ಣಕ್ಕೆ ತಿರುಗಿದ್ದವು. ಮತ್ತೆ ನೋಡಿದರೆ ಗುರುತು ಹಿಡಿಯುತ್ತೇನೆ ಎಂದ ಹಾಜಿ.

"ಸುಮ್ಮನೆ ಒತ್ತಿಬಿಟ್ಟೆಯಾ?"

"ಸುಮ್ನೆ ಯಾಕ್ ಒತ್ತಲಿ? ಆಣೆ ಮಾಡಿಸಿದೆ. ಇದು ಜವಾದನ ಕೈಬರಹವೇ, ಅವನೇ ಮನಸಾರೆ ಬರೆದದ್ದೇ, ಹಜ್ರತ್ ಅಬ್ಬಾಸರ ಮೇಲೆ ಆಣೆ ಮಾಡಿ ಹೇಳು ಅಂದೆ. ಕಣ್ಣು ಮಿಟುಕಿಸದೆ ಮೂರು ಸಲ ಹೇಳಿದ. ಆಮೇಲೂ ಒತ್ತದೆ ಇರೋಕೆ ನಾನ್ಯಾರು, ಅಫಂದಿ?"

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ದೇವರ ಮೇಲೆ ಸುಳ್ಳಾಣೆ ಮಾಡಿದವರು ಕೋರ್ಟಿನ ಮೆಟ್ಟಿಲ ಮೇಲೆ ದಿನಕ್ಕೆ ಹತ್ತು ಮಂದಿ ಸಿಗುತ್ತಾರೆ. ದೇವರು ದಯಾಮಯ, ಕ್ಷಮಿಸುತ್ತಾನೆ. ಕರ್ಬಲಾದಲ್ಲಿ ಮಲಗಿರುವ ಅಬ್ಬಾಸರು ಮುಂಗೋಪಿ, ಕಾಯುವುದಿಲ್ಲ. ಅವರ ಹೆಸರಿನಲ್ಲಿ ಸುಳ್ಳು ಹೇಳಿದವನ ಕುತ್ತಿಗೆ ಸಂಜೆಯೊಳಗೆ ತಿರುಚಿಕೊಳ್ಳುತ್ತದೆ ಎಂದು ನಮ್ಮಲ್ಲಿ ಕಳ್ಳನೂ ನಂಬುತ್ತಾನೆ.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ಕಳ್ಳನೂ ಹೆದರುವ ಆಣೆಗೆ ಹೆದರದವನು ಯಾರು? ಏನನ್ನೂ ನಂಬದವನು. ಅಂದರೆ ಕಮ್ಯುನಿಸ್ಟನೇ. ಜವಾದನ ಹೆಸರಿನಲ್ಲಿ ಸುಳ್ಳು ಪತ್ರ ಹುಟ್ಟಿಸಿದವನು ಪೋಲೀಸರ ಪೈಕಿಯಲ್ಲ, ಅವನದೇ ಪಕ್ಷದೊಳಗಿನ ನಾಸ್ತಿಕ. ಇಷ್ಟು ಚೆಂದದ ತರ್ಕ ನನಗೆ ವರ್ಷದಲ್ಲಿ ಒಂದು ಸಲ ಹೊಳೆಯುತ್ತದೆ. ನಾನು ಬೀಗಿದೆ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಹಾಜಿಯಿಂದ ಹೇಳಿಕೆ ಬರೆಸಿಕೊಂಡೆ. ಜವಾದ್ ತನ್ನ ಮುಂದೆ ಬಂದಿಲ್ಲ, ಅಪರಿಚಿತನೊಬ್ಬ ಕಾಗದ ತಂದ, ಅಷ್ಟೇ. ಆಣೆಯ ವಿಷಯ ಬಿಟ್ಟೆ. ಅದನ್ನು ಸೇರಿಸಿದರೆ ನಮ್ಮ ವಾದ ಸಡಿಲವಾಗುತ್ತಿತ್ತು. ಅರ್ಜಿ ಬರೆಯುವವನಿಗೆ ಏನು ಬರೆಯಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎನ್ನುವುದು ಚೆನ್ನಾಗಿ ಗೊತ್ತಿರಬೇಕು.

ಒಂಬತ್ತೂವರೆಗೆ ನನ್ನ ಮೇಜಿನ ಹಿಂದೆ ಕೂತು ಒಳಾಡಳಿತ ಕಚೇರಿಗೆ ಅರ್ಜಿ ಬರೆದೆ. ಪತ್ರಿಕೆಯಲ್ಲಿ ಬಂದಿರುವುದು ಕೃತಕ, ಅಪರಿಚಿತನ ಕೈವಾಡ, ಆದ್ದರಿಂದ ಅದನ್ನು ರದ್ದು ಮಾಡಬೇಕು. ಹಾಜಿಯ ಹೇಳಿಕೆ ಲಗತ್ತಿಸಿದೆ. ನಜೀಹಾ ಸಹಿ ಹಾಕಿದಳು. ಹತ್ತು ಗಂಟೆಗೆ ಕಚೇರಿಯ ಕಿಟಕಿಯೊಳಗೆ ಅರ್ಜಿ ಹೋಯಿತು. ಒಂದು ನಕಲನ್ನು ಮಡಿಸಿ ಅವಳು ಎದೆಯ ಹತ್ತಿರ ಇಟ್ಟುಕೊಂಡಳು. ಶನಿವಾರ ಸಮಾವಾ ಕಡೆ ಹೋಗುವ ಲಾರಿಯಲ್ಲಿ ಅದನ್ನು ಸೆರೆಮನೆಯ ಜೊತೆಗಾರರಿಗೆ ಮುಟ್ಟಿಸುವುದೆಂದು ಅವಳ ಯೋಚನೆ.

ಅವಳ ಆತುರಕ್ಕೆ ಕಾರಣವಿತ್ತು. ಸೆರೆಮನೆಯಲ್ಲಿ ಕಮ್ಯುನಿಸ್ಟರದು ಒಟ್ಟು ಅಡಿಗೆ, ಒಟ್ಟು ಊಟ. ಪಾಳಿಯ ಮೇಲೆ ಬೇಯಿಸುತ್ತಾರೆ, ಪಾಳಿಯ ಮೇಲೆ ಪಾತ್ರೆ ತೊಳೆಯುತ್ತಾರೆ, ಮನೆಯಿಂದ ಬಂದ ಖರ್ಜೂರವನ್ನೂ ಎಣಿಸಿ ಹಂಚುತ್ತಾರೆ. ಬರಾಅ ಕೊಟ್ಟವನಿಗೆ ಆ ಪಾತ್ರೆಯಿಂದ ತುತ್ತಿಲ್ಲ, ಸಲಾಮಿಗೆ ಉತ್ತರವಿಲ್ಲ. ಹಾಸಿಗೆ ಪಾಯಿಖಾನೆಯ ಪಕ್ಕಕ್ಕೆ. ಮೊನ್ನೆ ಬಿಡುಗಡೆಯಾಗಿ ಬಂದವನೊಬ್ಬ ಹೇಳಿದ್ದನಂತೆ, ಜವಾದ್ ಸರ್ಕಾರ ಕೊಡುವ ಒಣ ರೊಟ್ಟಿಯನ್ನೂ ಮುಟ್ಟುತ್ತಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ ಎಂದು. ಪತ್ರ ನೀನು ಬರೆದದ್ದೇ ಎಂದು ಕೇಳಿದರೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಆ ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು. ಸ್ವಾಭಿಮಾನ ಎಂದುಕೊಂಡು ಸುಮ್ಮನಾಗಿದ್ದೆ.

ಕಚೇರಿಯ ಮೆಟ್ಟಿಲು ಇಳಿಯುವಾಗ ನಜೀಹಾ ನಿಂತಳು.

"ಆ ನೇರಳೆ ಬೆರಳು ಯಾರ್ದು ಅಂತ ನನಗೆ ಗೊತ್ತು," ಎಂದಳು.

ನನಗೆ ಸಿಟ್ಟು ಬಂತು. ಹಾಜಿಯ ಅಂಗಡಿಯಲ್ಲೇ ಹೇಳಬಹುದಿತ್ತಲ್ಲ ಎಂದೆ. ಮೊದಲು ಅಣ್ಣನ ಹೆಸರು ತೊಳೆಯುವ ಕಾಗದ ಒಳಗೆ ಹೋಗಬೇಕಿತ್ತು, ಮಿಕ್ಕಿದ್ದು ಆಮೇಲೆ ಅಂದುಕೊಂಡೆ ಎಂದಳು. ಅವಳ ಸ್ವಭಾವವೇ ಹಾಗೆ. ಒಂದು ಗೂಟ ಹೊಡೆದು ಮುಗಿಯುವ ತನಕ ಇನ್ನೊಂದನ್ನು ಕೈಗೆ ಎತ್ತಿಕೊಳ್ಳುವವಳಲ್ಲ.

ಬೆರಳು ಫಖ್ರಿ ಮೇಷ್ಟ್ರದು. ನದಿಯಾಚೆಯ ಗಂಡುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ಪರೀಕ್ಷೆಯ ಪ್ರಶ್ನೆಗಳನ್ನು ನಕಲು ತೆಗೆಯುವ ನೇರಳೆ ಶಾಯಿ ಅದು, ಒಮ್ಮೆ ಹತ್ತಿದರೆ ವಾರ ಬಿಡುವುದಿಲ್ಲ. ಅದೇ ಶಾಯಿಯಲ್ಲಿ ಪಕ್ಷದ ಕರಪತ್ರವೂ ತಯಾರಾಗುತ್ತದೆಂಬುದು ಗೊತ್ತಿರುವವರಿಗೆ ಗೊತ್ತು. ಸೆರೆಗೆ ಹೋದವರ ಮನೆಗಳಿಗೆ ಪಕ್ಷದ ಪರವಾಗಿ ಹೋಗಿ ಬರುವವನೂ ಅವನೇ. ಬರಾಅ ಅಚ್ಚಾದ ಮರುದಿನ ಅವನು ಜವಾದನ ಮನೆಗೆ ಬಂದು, ನಿಂತಲ್ಲೇ ನಿಂತು, ಇನ್ನು ಈ ಮನೆಗೂ ನಮಗೂ ಮಾತಿಲ್ಲ ಎಂದು ಹೇಳಿ ಹೋಗಿದ್ದನಂತೆ. ಆಮೇಲೆ ಉಳಿದ ಕೈದಿಗಳ ಹೆಂಗಸರು ಬರುವುದನ್ನು ನಿಲ್ಲಿಸಿದರು.

"ನಮ್ಮಮ್ಮ ಕೊಟ್ಟ ಚಹಾ ಕೂಡ ಮುಟ್ಟಲಿಲ್ಲ. ಅಮ್ಮ ಆ ಲೋಟ ಹಿಡಕೊಂಡು ಸಂಜೆವರೆಗೂ ಕೂತಿದ್ಳು."

ಸುಳ್ಳು ಪತ್ರ ಹುಟ್ಟಿಸಿ, ಆಮೇಲೆ ಬಹಿಷ್ಕಾರ ಸಾರಲು ತಾನೇ ಹೋಗುವುದು. ನನ್ನ ರಕ್ತ ಕುದಿಯಿತು. ಇಬ್ಬರೂ ಸೇತುವೆ ದಾಟಿದೆವು.

ಮಧ್ಯಾಹ್ನದ ಬಿಡುವು. ಮಕ್ಕಳು ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದರು. ಫಖ್ರಿ ಖಾಲಿ ತರಗತಿಯಲ್ಲಿ ಕೂತು ಪುಸ್ತಕ ತಿದ್ದುತ್ತಿದ್ದ. ಪಕ್ಕದಲ್ಲಿ ಅರ್ಧ ತಿಂದ ರೊಟ್ಟಿ, ಮಾವಿನ ಉಪ್ಪಿನಕಾಯಿ. ನಜೀಹಾಳನ್ನು ನೋಡಿ ಎದ್ದ, ನನ್ನನ್ನು ನೋಡಿ ಮತ್ತೆ ಕೂತ.

ನಾನು ಬಾಗಿಲು ಮುಂದಕ್ಕೆ ಎಳೆದೆ. ನಜೀಹಾ ಮುಂದಿನ ಸಾಲಿನ ಬೆಂಚಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ, ಕೈಕಟ್ಟಿ ಕೂತಳು.

"ಮೇಷ್ಟ್ರೇ, ಬಲಗೈ ಸ್ವಲ್ಪ ತೋರಿಸಿ," ಎಂದೆ.

ಅವನು ತೋರಿಸಲಿಲ್ಲ, ಅಡಗಿಸಲೂ ಇಲ್ಲ. ಕೆಂಪು ಪೆನ್ಸಿಲು ಹಿಡಿದ ಕೈ ಮೇಜಿನ ಮೇಲೇ ಇತ್ತು. ಉಗುರಿನ ಸುತ್ತ ನೇರಳೆ.

ನಾನು ಹಾಜಿಯ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಒಂದೊಂದಾಗಿ ಅವನ ಮುಂದೆ ಇಟ್ಟೆ. ಯಾವ ವಾರ ಬಂದ, ಯಾವ ಕೋಟು ಹಾಕಿದ್ದ, ಹಾಜಿ ಏನು ಕೇಳಿದ, ಅವನು ಏನು ಹೇಳಿದ. ಅವನು ನಡುವೆ ಬಾಯಿ ಹಾಕಲಿಲ್ಲ. ಪೋಲೀಸ್ ಕೋಣೆಯಲ್ಲಿ ಕೂತು ಅಭ್ಯಾಸವಿದ್ದವರು ಹಾಗೆಯೇ ಕೇಳಿಸಿಕೊಳ್ಳುತ್ತಾರೆ.

"ಹಾಜಿ ಮುಂದೆ ಅಬ್ಬಾಸರ ಆಣೆ ಇಟ್ಟಿರಿ. ನಿಮಗೇನು ಕಷ್ಟ? ದೇವರೇ ಇಲ್ಲ ಅನ್ನೋರಿಗೆ ಅಬ್ಬಾಸರು ಯಾವ ಲೆಕ್ಕ. ಒಬ್ಬ ಮನುಷ್ಯನ ಮಾನ ತೆಗೆದು, ಆ ಪಾಪದ ಮುದುಕನ ನಂಬಿಕೆಯನ್ನೂ ಮಾರಿಬಿಟ್ಟಿರಿ."

ಅವನು ಪೆನ್ಸಿಲು ಕೆಳಗಿಟ್ಟ.

"ನಾನು ದೇವರನ್ನ ನಂಬಲ್ಲ, ನಿಜ," ಎಂದ. "ಆದ್ರೆ ನಮ್ಮಮ್ಮ ಕರ್ಬಲಾದವಳು. ಅಬ್ಬಾಸರ ಮೇಲೆ ಸುಳ್ಳು ಹೇಳೋ ನಾಲಿಗೆ ನನಗಿಲ್ಲ, ಅಫಂದಿ. ಪಕ್ಷದೋರು ಗೊತ್ತಾದ್ರೆ ನಗ್ತಾರೆ. ನಗಲಿ."

ಮಾತಿನ ಅರ್ಥ ನನಗೆ ತಕ್ಷಣ ಹೊಳೆಯಲಿಲ್ಲ. ನಜೀಹಾಳಿಗೆ ಹೊಳೆಯಿತು. ಅವಳು ಕಟ್ಟಿದ ಕೈ ಬಿಚ್ಚಿದಳು.

"ಹಾಗಾದ್ರೆ ಅಣ್ಣಾನೇ ಬರೆದದ್ದು," ಎಂದಳು.

ಮೇಷ್ಟ್ರು ಹೌದೆಂದು ತಲೆಯಾಡಿಸಿದ.

ಇಲ್ಲಿ ಒಂದು ಮಾತು ಹೇಳಬೇಕು. ಹಾಜಿ ಅಬ್ಬೂದ್, ಕಡಲೆ ಅಳೆಯುವ ಮುದುಕ, ಆಣೆಯನ್ನು ಕೇಳಿದ ಕೂಡಲೇ ನಂಬಿದ. ಹನ್ನೊಂದು ವರ್ಷ ಪೋಲೀಸ್ ದಾಖಲೆ ಓದಿದ ನಾನು ನಂಬಲಿಲ್ಲ. ಆಣೆ ಮಾಡಿದವನು ನಾಸ್ತಿಕ, ಆದ್ದರಿಂದ ಆಣೆ ಸುಳ್ಳು ಎಂದೆ. ನಾಸ್ತಿಕನಿಗೂ ಒಬ್ಬ ತಾಯಿ ಇರುತ್ತಾಳೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಚೆಂದದ ತರ್ಕಕ್ಕೆ ಬೆಂಕಿ ಬೀಳಲಿ ಎನಿಸಿತು.

"ಯಾಕೆ ಬರೆದ?" ನಜೀಹಾ ಕೇಳಿದಳು. ದನಿ ಏರಲಿಲ್ಲ. "ಹೊಡೆದ್ರಾ? ಹೆದರಿದ್ನಾ?"

"ಹೆದರಿ ಬರೆದಿದ್ರೆ ನಾನು ಇವತ್ತು ನಿನ್ನ ಮುಖ ನೋಡ್ತಿರಲಿಲ್ಲ, ತಂಗಿ. ಆದ್ರೆ ಮೊದಲು ಒಂದು ಹೇಳು. ಹಾಜಿ ಹತ್ರ ಹೇಳಿಕೆ ತಗೊಂಡ್ರಿ ಅಂದ್ರಲ್ಲ, ಅದನ್ನ ಏನ್ ಮಾಡಿದ್ರಿ?"

ಅರ್ಜಿಯ ಜೊತೆ ಹತ್ತು ಗಂಟೆಗೆ ಒಳಾಡಳಿತ ಕಚೇರಿಗೆ ಕೊಟ್ಟೆವು ಎಂದೆ ನಾನು. ಅದನ್ನು ಹೇಳುವಾಗಲೂ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದಿತ್ತು.

ಫಖ್ರಿ ಎದ್ದು ಕಿಟಕಿಯ ಹತ್ತಿರ ಹೋದ. ತಿರುಗಿದಾಗ ಅವನ ವಯಸ್ಸು ಹತ್ತು ವರ್ಷ ಏರಿದಂತಿತ್ತು. ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಜವಾದ್ ಮತ್ತು ಐವರು ಒಂದೇ ಮನೆಯಲ್ಲಿ ಸಿಕ್ಕಿಬಿದ್ದಿದ್ದರು. ಯಾರೋ ತೋರಿಸಿಕೊಟ್ಟಿದ್ದರು. ವಿಚಾರಣೆಯ ದಿನ ಪೋಲೀಸರು ಆ ಮನುಷ್ಯನನ್ನು ಬಾಗಿಲ ಸಂದಿಯ ಹಿಂದೆ ನಿಲ್ಲಿಸಿ, ಆರು ಜನರನ್ನು ಒಬ್ಬೊಬ್ಬರಾಗಿ ಗುರುತಿಸಲು ಹೇಳಿದರು. ಗಾಳಿಗೆ ಬಾಗಿಲು ಒಂದಿಷ್ಟು ಸರಿದಾಗ ಜವಾದ್ ಆ ಮುಖ ಕಂಡ. ಹೆಸರು ಗೊತ್ತಿಲ್ಲ, ಮುಖ ಗೊತ್ತು. ಈಗ ಅದೇ ಮುಖ ಪಕ್ಷದ ನಗರ ಸಮಿತಿಯೊಳಗೆ ಕೂತಿದೆಯೆಂದು ಅನುಮಾನ. ಕಳೆದ ಚಳಿಗಾಲದಿಂದ ಪಕ್ಷದ ಅಡಗುಮನೆಗಳು ಒಂದರ ಹಿಂದೊಂದು ಪೋಲೀಸರ ಕೈಗೆ ಹೋಗುತ್ತಿವೆ. ಸಮಿತಿಯಲ್ಲಿ ಏಳು ಜನ. ಯಾರೆಂದು ಬೆರಳು ಮಾಡಬಲ್ಲವನು ಬಾಗ್ದಾದಿನಲ್ಲಿ ಒಬ್ಬನೂ ಇಲ್ಲ. ಮರುಭೂಮಿಯಲ್ಲಿ ಒಬ್ಬನಿದ್ದಾನೆ.

ಅವನನ್ನು ಹೊರಗೆ ತರಲು ಇದ್ದದ್ದು ಒಂದೇ ದಾರಿ. ಹೊಸದಾಗಿ ಸೆರೆಗೆ ಹೋದ ಕೈದಿಯೊಬ್ಬನ ಬಾಯಲ್ಲಿ ಕೇಳಿಸಿದರು. ಬರಾಅ ಬರೆದು ನಿನ್ನ ಒಳ್ಳೆಯ ಹೆಸರನ್ನು ಬಲಿ ಕೊಡುತ್ತೀಯಾ ಎಂದು. ಮೂರು ದಿನ ಯೋಚಿಸಿ ಜವಾದ್ ಬರೆದ.

ಸೆರೆಮನೆಯಲ್ಲಿ ಜೊತೆಗಾರರ ಕಟ್ಟಳೆಯೊಂದಿದೆ. ಅಧಿಕಾರಿಯ ಕೋಣೆಗೆ ಯಾರೂ ಒಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರಾಗಿಯೇ ಹೋಗಬೇಕು. ಹಾಗಾಗಿ ಅಲ್ಲಿ ಸಹಿ ಹಾಕಲು ಆಗಲಿಲ್ಲ. ಕಾಗದ ಗುಟ್ಟಾಗಿ ಹೊರಗೆ ಬರಬೇಕಿತ್ತು.

"ನೀನೇ ತಂದಿದ್ದು," ಎಂದ ಮೇಷ್ಟ್ರು ನಜೀಹಾಳಿಗೆ. "ಶರತ್ಕಾಲದಲ್ಲಿ ನೋಡೋಕೆ ಹೋಗಿದ್ದಾಗ, ಮೇಷ್ಟ್ರ ತಾಯಿಗೆ ಕೊಡು ಅಂತ ಅವನು ತಾನು ಪೋಣಿಸಿದ ಮಣಿ ಚೀಲ ಕೊಟ್ಟಿದ್ನಲ್ಲ, ನೀನು ತಂದು ನನ್ನ ಕೈಗೆ ಕೊಟ್ಟೆಯಲ್ಲ. ಅದರ ಅಸ್ತರಿನೊಳಗೆ."

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

ಬಿಡುಗಡೆಯ ಆದೇಶ ಪತ್ರಿಕೆಗಿಂತ ಮುಂಚೆ ಮರುಭೂಮಿ ತಲುಪಬೇಕೆಂಬುದು ಲೆಕ್ಕಾಚಾರವಾಗಿತ್ತು. ಪತ್ರಿಕೆ ಮೊದಲು ತಲುಪಿತು, ಆದೇಶ ಮೂರು ವಾರ ಕಪಾಟಿನಲ್ಲಿ ಮಲಗಿತು. ನಿನ್ನೆ ಅದಕ್ಕೆ ಸಹಿ ಬಿದ್ದಿದೆ, ಶನಿವಾರದ ಸರ್ಕಾರಿ ಲಾರಿಯಲ್ಲಿ ಹೋಗುತ್ತದೆ. ಅಷ್ಟರಲ್ಲಿ ನಮ್ಮ ಅರ್ಜಿಯನ್ನು ಕಚೇರಿಯಲ್ಲಿ ಯಾರಾದರೂ ಓದಿದರೆ ಆದೇಶ ನಿಲ್ಲುತ್ತದೆ. ಪತ್ರ ನಾಟಕ ಎಂದು ವಾಸನೆ ಹತ್ತಿದರೆ ಅದನ್ನು ಮಾಡಿದ್ದು ಯಾಕೆಂದೂ ಕೇಳುತ್ತಾರೆ. ಆಗ ನಗರ ಸಮಿತಿಯ ಆ ಮುಖಕ್ಕೆ ಗೊತ್ತಾಗುತ್ತದೆ. ಜವಾದ್ ಮರುಭೂಮಿಯಿಂದ ಜೀವಂತ ಬರುವುದಿಲ್ಲ.

"ಒಳಗಿರೋರಿಗೆ ಯಾಕೆ ಹೇಳಲಿಲ್ಲ? ಅವನನ್ನ ನಾಯಿ ಥರ ನೋಡ್ತಿದಾರೆ," ಎಂದಳು ನಜೀಹಾ.

"ಹತ್ತು ಕಿವಿಗೆ ಹೋದ್ರೆ ಹನ್ನೊಂದನೇ ಕಿವಿ ಆ ದ್ರೋಹಿಯದೇ ಆಗಿರುತ್ತೆ. ನಿಮ್ಮ ಮನೇಲಿ ನಾನು ಚಹಾ ಮುಟ್ಟಿದ್ರೂ ಅನುಮಾನ ಬರ್ತಿತ್ತು." ಅವನು ನಜೀಹಾಳ ಕಡೆ ನೋಡಲಾರದೆ ಕಪ್ಪು ಹಲಗೆಯ ಕಡೆ ನೋಡಿದ. "ಅವತ್ತು ನಿಮ್ಮಮ್ಮನ ಮುಖ ನೋಡಿ ಬಂದ್ಮೇಲೆ ನಾನು ಮಲಗಿಲ್ಲ."

ನಜೀಹಾ ಎದ್ದಳು. ಅಳುತ್ತಾಳೆಂದುಕೊಂಡೆ. ಅವಳು ಎದೆಯ ಬಳಿಯಿಂದ ನಕಲು ಪ್ರತಿಯನ್ನು ತೆಗೆದು ನಾಲ್ಕು ಚೂರು ಮಾಡಿ ಮೇಷ್ಟ್ರ ಮೇಜಿನ ಮೇಲಿಟ್ಟಳು.

"ಕಚೇರಿ ಎಷ್ಟು ಗಂಟೆಗೆ ಮುಚ್ಚುತ್ತೆ, ಅಫಂದಿ?"

ಗುರುವಾರ, ಎರಡು ಗಂಟೆಗೆ. ನಾಳೆ ಶುಕ್ರವಾರ ರಜೆ. ಕೊಟ್ಟ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲವಳು ಕೊಟ್ಟವಳೊಬ್ಬಳೇ, ಅದಕ್ಕೆ ಇನ್ನೊಂದು ಅರ್ಜಿ ಬೇಕು ಎಂದು ವಿವರಿಸಿದೆ. ಅದರಲ್ಲಿ ಏನು ಬರೆಯಬೇಕಾಗುತ್ತದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ವಾರದಿಂದ ಅವಳು ಕಾರ್ಖಾನೆಯಲ್ಲಿ, ಗಲ್ಲಿಯಲ್ಲಿ, ನೀರಿನ ನಲ್ಲಿಯ ಹತ್ತಿರ ಅಣ್ಣ ಬರೆದಿಲ್ಲ ಎಂಬ ಒಂದೇ ಮಾತಿಗಾಗಿ ಜಗಳವಾಡಿದ್ದಳು. ಈಗ ಅವನೇ ಬರೆದದ್ದೆಂದು ಸಹಿ ಹಾಕಿ ಒಪ್ಪಿಕೊಳ್ಳಬೇಕಿತ್ತು. ನಾಲ್ಕು ಜನಕ್ಕೆ ಅದು ತಿಳಿಯದೆ ಇರುವುದಿಲ್ಲ.

"ಗೊತ್ತು," ಎಂದಳು, ನಾನು ಏನೂ ಹೇಳದಿದ್ದರೂ. "ಬರೀರಿ."

ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕೂತು ಬರೆದೆ. ನನ್ನ ಅಣ್ಣ ಜವಾದ್ ಪತ್ರಿಕೆಯಲ್ಲಿ ಬಂದಿರುವ ಪತ್ರವನ್ನು ತನ್ನ ಕೈಯಾರೆ, ಮನಸಾರೆ ಬರೆದಿರುತ್ತಾನೆ. ಬೆಳಗಿನ ಅರ್ಜಿಯನ್ನು ಹಿಂದಕ್ಕೆ ಪಡೆಯಲು ಬೇಡುತ್ತೇನೆ. ಕಾರಣದ ಜಾಗದಲ್ಲಿ, ಹೆಣ್ಣುಬುದ್ಧಿಯ ಆತುರದಿಂದ ಹೀಗಾಯಿತು ಎಂದು ಸೇರಿಸೋಣವೇ, ಅಧಿಕಾರಿಗಳಿಗೆ ಆ ಮಾತು ಬಲು ಇಷ್ಟ ಎಂದೆ.

"ಬೇಡ. ದುಃಖದಿಂದ ಅಂತ ಬರೀರಿ. ಅದು ಸುಳ್ಳಲ್ಲ."

ಹಾಗೆಯೇ ಬರೆದೆ. ಹದಿನೈದು ವರ್ಷದಲ್ಲಿ ಸಾವಿರಾರು ಅರ್ಜಿ ಬರೆದಿದ್ದೇನೆ, ಇಷ್ಟು ಚಿಕ್ಕದಕ್ಕೆ ಇಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ. ಅವಳು ಓದದೆ ಸಹಿ ಹಾಕಿದಳು. ಜೊತೆಗೆ ಬಂದಿದ್ದ ಫಖ್ರಿಗೆ ಮನೆಗೆ ಹೋಗು ಎಂದೆ. ಹೋಗುತ್ತೇನೆ ಎಂದ, ಹೋಗಲಿಲ್ಲ.

ಒಂದೂವರೆಗೆ ಕಿಟಕಿಯ ಮುಂದೆ ನಿಂತಾಗ ಗುಮಾಸ್ತ ನಮ್ಮ ಕಾಗದ ಓದಿ, ಬೆಳಗಿನದ್ದು ಆಗಲೇ ಮೇಲೆ ಹೋಗಿದೆ, ನೀವೇ ಒಳಗೆ ಹೋಗಿ, ಇಬ್ಬರೂ, ಎಂದ. ಇಬ್ಬರೂ ಎಂಬ ಮಾತು ನನಗೆ ಹಿಡಿಸಲಿಲ್ಲ.

ಒಳಗೆ ಕೂತಿದ್ದ ಅಧಿಕಾರಿ ಬಸ್ರಾ ನಿಂಬೆಯ ಚಹಾ ಕುಡಿಯುತ್ತಿದ್ದ. ದಪ್ಪ ಕನ್ನಡಕ, ಮೆತ್ತನೆ ಮಾತು. ನಮ್ಮನ್ನು ಕೂರಿಸಿದ, ಚಹಾ ಬೇಕೇ ಎಂದ. ಬೆಳಗಿನ ಅರ್ಜಿಯನ್ನೂ ಮಧ್ಯಾಹ್ನದ ಅರ್ಜಿಯನ್ನೂ ಅಕ್ಕಪಕ್ಕ ಇಟ್ಟು ಓದಿದ. ನನ್ನ ಅಕ್ಷರ ಎರಡರಲ್ಲೂ ಅಷ್ಟೇ ಅಂದವಾಗಿತ್ತು.

"ಬೆಳಿಗ್ಗೆ ಸುಳ್ಳಾಗಿದ್ದ ಪತ್ರ ಮಧ್ಯಾಹ್ನ ನಿಜ ಆಯ್ತು. ಆಗಲಿ. ನಿಮ್ಮಣ್ಣನಿಗೆ ಬುದ್ಧಿ ಬಂದಿದ್ರೆ ನನಗೂ ಸಂತೋಷವೇ. ಆದೇಶ ಇಲ್ಲೇ ಇದೆ, ನೋಡು." ಅವನು ಒಂದು ಹಸಿರು ಕಡತದ ಮೇಲೆ ಕೈ ಇಟ್ಟ. "ನನಗೆ ಬೇಕಾದ್ದು ಒಂದೇ. ಬೆಳಗಿನದ್ರಲ್ಲಿ ನೀನೇ ಬರೆಸಿದೀಯ, ಅಪರಿಚಿತನೊಬ್ಬ ಮುಖ್ತಾರನ ಹತ್ರ ಕಾಗದ ತಂದ ಅಂತ. ಪತ್ರ ನಿಜ ಅಂದ್ಮೇಲೆ ತಂದವನೂ ನಿಜ. ಯಾರವನು?"

ಬರೆದವನು ನಾನು. ಅಪರಿಚಿತನೊಬ್ಬ ಎಂಬ ಆ ಪದವನ್ನು ಹುಡುಕಿ, ತೂಗಿ ಇಟ್ಟವನು ನಾನೇ.

ಅಧಿಕಾರಿ ಅವಸರ ಮಾಡಲಿಲ್ಲ. ಹೆಸರು ಹೇಳಿದರೆ ಶನಿವಾರದ ಲಾರಿಯಲ್ಲಿ ಆದೇಶ ಹೋಗುತ್ತದೆ, ಹೇಳದಿದ್ದರೆ ಕಡತವೂ ಇಲ್ಲೇ ಇರುತ್ತದೆ, ಅಣ್ಣನೂ ಅಲ್ಲೇ ಇರುತ್ತಾನೆ ಎಂದ. ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದ.

ಅವನ ಬೆನ್ನ ಹಿಂದೆ ಕಿಟಕಿ ಇತ್ತು. ರಸ್ತೆಯಾಚೆ ಚಹಾದಂಗಡಿಯ ಕಂಬಕ್ಕೆ ಒರಗಿ ಫಖ್ರಿ ನಿಂತಿದ್ದ, ಎರಡೂ ಕೈ ಜೇಬಿನಲ್ಲಿ. ಮೂರ್ಖ. ಸಮಿತಿಯ ಆ ಏಳು ಜನರನ್ನು ಜವಾದನಿಗೆ ತೋರಿಸಬಲ್ಲವನು ಈ ಊರಿನಲ್ಲಿ ಅವನೊಬ್ಬನೇ. ಅವನು ಹೋದರೆ ಜವಾದ್ ಬಂದೂ ಪ್ರಯೋಜನವಿಲ್ಲ, ಬೆರಳು ಮಾಡಿ ತೋರಿಸಿದರೆ ನೋಡುವವರೇ ಇರುವುದಿಲ್ಲ.

ನಜೀಹಾ ಕಿಟಕಿಯ ಕಡೆ ನೋಡಲಿಲ್ಲ. ಅಬಾಯವನ್ನು ಹಣೆಯ ಮೇಲೆ ಸರಿಪಡಿಸಿಕೊಂಡಳು. ಎಂಟು ದಿನದಿಂದ ನಾನು ನೋಡಿದ್ದ ಅದೇ ಮುಖ, ಗೂಟ ಹೊಡೆಯಲು ಹೊರಟ ಮುಖ.

"ಗೊತ್ತಿದೆ, ಸಾಹೇಬ್ರೇ," ಎಂದಳು. "ಇವರೇ."

ಅವಳ ಬೆರಳು ನನ್ನ ಕಡೆ ಇತ್ತು.

"ಅಣ್ಣನ ಕಾಗದ ಇವರ ಕೈಗೆ ಬಂದಿತ್ತು. ಇವರೇ ಮುಖ್ತಾರರ ಹತ್ರ ತಗೊಂಡು ಹೋಗಿದ್ದು. ನನಗೆ ಇವತ್ತು ಮಧ್ಯಾಹ್ನ ಒಪ್ಕೊಂಡ್ರು. ಬೆಳಿಗ್ಗೆ ಹೇಳಿದ್ರೆ ನಾನು ಬೈತೀನಿ ಅಂತ ಹೆದರಿ ಅಪರಿಚಿತ ಅಂತ ಬರೆದಿದ್ರು. ಅರ್ಜಿ ಬರೆಯೋರಲ್ವಾ. ಯಾರು ಏನು ಹೇಳಿದ್ರೂ ಬರೀತಾರೆ."

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಹೆಂಡತಿ ಇದ್ದಾಳೆ, ಮೂವರು ಹೆಣ್ಣುಮಕ್ಕಳಿದ್ದಾರೆ, ಕೋರ್ಟಿನ ನೆರಳಿನಲ್ಲಿ ಒಂದು ಮೇಜಿದೆ. ಇಷ್ಟು ವರ್ಷ ಯಾವ ಪಕ್ಷದ ಕೆಸರೂ ಅಂಟದ ಹಾಗೆ ಬಟ್ಟೆ ಎತ್ತಿಕೊಂಡು ನಡೆದವನು ನಾನು. ಈ ಹುಡುಗಿ ಕೇಳದೆಯೇ ನನ್ನನ್ನು ಹಿಡಿದು ಹೊಂಡಕ್ಕೆ ದಬ್ಬಿದ್ದಳು.

ಆಮೇಲೆ ಅವಳ ಕೈ ಕಂಡಿತು. ಮೊಣಕಾಲ ಮೇಲಿಟ್ಟ ಎಡಗೈ ಬಿಗಿಯಾಗಿ ಮುಷ್ಟಿ ಕಟ್ಟಿತ್ತು. ಅವಳು ಅದನ್ನು ಅಬಾಯದೊಳಗೆ ಎಳೆದುಕೊಂಡಳು. ಪಕ್ಷದವನಲ್ಲದವನು, ಪೋಲೀಸರಿಗೆ ಪರಿಚಯದವನು, ನಾಲ್ಕು ಏಟು ತಿಂದು ಬಿಡುಗಡೆಯಾಗಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಆಣೆಯನ್ನು ನಂಬದೆ ಈ ಕೆಲಸ ಕೆಡಿಸಿದವನೂ ನಾನೇ.

"ಹೌದಾ, ಶುಕ್ರಿ ಅಫಂದಿ?" ಅಧಿಕಾರಿ ಕನ್ನಡಕ ತೆಗೆದು ಒರೆಸಿದ.

"ಹೌದು," ಎಂದೆ. "ನಾನೇ ತಂದೆ."

ಅವನು ನನ್ನನ್ನು ನೋಡಿದ, ನಜೀಹಾಳನ್ನು ನೋಡಿದ. ಹಸಿರು ಕಡತವನ್ನು ತೆರೆದು, ಆದೇಶವನ್ನು ಹೊರತೆಗೆದು ಮೇಜಿನ ನಡುವೆ ಇಟ್ಟ. ಕನ್ನಡಕ ಮತ್ತೆ ಹಾಕಿಕೊಂಡು ಗಂಟೆ ಒತ್ತಿದ.

"ಹನ್ನೆರಡು ಗಂಟೆಯಿಂದ ಪಾಪ ಪಕ್ಕದ ಕೋಣೇಲಿ ಕಾಯ್ತಿದಾರೆ," ಎಂದ ಜವಾನನಿಗೆ. "ಹಾಜಿ ಅಬ್ಬೂದರನ್ನ ಒಳಗೆ ಕಳಿಸು."